ನೋಡಿಕೊಳ್ಳುವವರು ಯಾರೂ ಇಲ್ಲ

ನಾನು ಕೆಟ್ಟ ಮಗ ಎಂದು ಬರೆದು, ಕೆಳಗೆ ನಾನೇ ಸಹಿ ಮಾಡಿದ ಕಾಗದದ ನಕಲು ಈಗಲೂ ನಮ್ಮ ಕಪಾಟಿನಲ್ಲಿದೆ. ಒಂದೂವರೆ ಪುಟ. ಮೇಲೆ ನೋಟರಿಯ ಮೊಹರು ಬೇರೆ. ಜನ ಬೆನ್ನ ಹಿಂದೆ ಬೈಯುವುದುಂಟು, ಎದುರಿಗೆ ನಿಂತು ಬೈಯುವುದೂ ಉಂಟು. ಟೋಕನ್ ತೆಗೆದುಕೊಂಡು, ಒಂದು ಗಂಟೆ ಸಾಲಿನಲ್ಲಿ ನಿಂತು, ತನ್ನನ್ನು ತಾನೇ ಬೈದುಕೊಂಡು ಮೊಹರು ಹಾಕಿಸಿಕೊಂಡು ಬಂದವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಮೊದಲಿಂದ ಹೇಳುತ್ತೇನೆ. ನಾನು ಲಿಫ್ಟ್ ಮೆಕ್ಯಾನಿಕ್. ಈ ಊರಿನ ಹದಿನೇಳು ಕಟ್ಟಡಗಳ ಲಿಫ್ಟುಗಳು ನನ್ನ ಕೈಯಲ್ಲಿವೆ. ಗ್ರೀಸು ಹಾಕುವುದು, ಬ್ರೇಕು ಬಿಗಿ ಮಾಡುವುದು, ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ಓಡುವುದು. ನಾವಿರುವ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇಲ್ಲ, ನಮ್ಮ ಮನೆ ಮೂರನೇ ಮಹಡಿಯಲ್ಲಿ. ನಗುವವರು ನಗಬಹುದು. ನನ್ನ ಹೆಂಡತಿಯೂ ಮೊದಮೊದಲು ನಗುತ್ತಿದ್ದಳು.

ಆರು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ರಾಡು ಹಾಕಿದರು, ಆದರೆ ಕಾಲು ಮತ್ತೆ ಊರಲಿಲ್ಲ. ತಲೆ ಚೆನ್ನಾಗಿದೆ, ನಾಲಿಗೆ ಅದಕ್ಕಿಂತ ಚೆನ್ನಾಗಿದೆ. ಬೆಳಗ್ಗೆ ಐದೂವರೆಗೆ ಅವಳನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಹಾಕಬೇಕು, ಕುರ್ಚಿಯಿಂದ ಕಮೋಡಿಗೆ, ಕಮೋಡಿನಿಂದ ಸ್ನಾನದ ಸ್ಟೂಲಿಗೆ, ಮತ್ತೆ ಕುರ್ಚಿಗೆ. ಹೀಗೆ ದಿನಕ್ಕೆ ಎಂಟು ಸಲ, ಹೊಟ್ಟೆ ಕೆಟ್ಟ ದಿನ ಹನ್ನೆರಡು ಸಲ. ನಾನು ಮನೆಯಲ್ಲಿಲ್ಲದಾಗ ಹೆಂಡತಿ ಎತ್ತಬೇಕು. ಅವಳು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಮಾಡುತ್ತಿದ್ದ ಕೆಲಸವನ್ನು ಇದಕ್ಕಾಗಿಯೇ ಅರ್ಧ ದಿನಕ್ಕೆ ಇಳಿಸಿಕೊಂಡಳು. ಆಯಾಗಳೂ ಬಂದರು, ಒಬ್ಬರಾದ ಮೇಲೆ ಒಬ್ಬರು ಮೂವರು. ಮೂರನೆಯವಳು ಹೋಗುವಾಗ, “ನಿಮ್ಮಮ್ಮನ ಭಾರ ಹೇಗೋ ತಡ್ಕೋಬಹುದು, ಬಾಯಿ ತಡ್ಕೊಳ್ಳೋಕಾಗಲ್ಲ” ಎಂದು ಕೈಮುಗಿದಳು.

ಹೋದ ವರ್ಷ ಹೆಂಡತಿಯ ಬೆನ್ನಿನ ಡಿಸ್ಕ್ ಜಾರಿತು. ತುಂಬಿದ ಬಕೆಟ್ ಕೂಡ ಎತ್ತಬಾರದು ಎಂದರು ಡಾಕ್ಟರು. ಬಕೆಟ್ಟಿನ ಭಾರ ಎಷ್ಟೋ ಗೊತ್ತಿಲ್ಲ, ಅಮ್ಮ ಅರವತ್ತೆರಡು ಕೆ.ಜಿ.

ಅದಾಗಿ ಹದಿನೈದು ದಿನಕ್ಕೆ ಆಸ್ಪತ್ರೆಯೊಂದರಲ್ಲಿ ಲಿಫ್ಟು ಕೆಟ್ಟು ನಿಂತಿತು. ಒಳಗೆ ನಾಲ್ಕು ಜನ. ಅವರನ್ನು ಹೊರಗೆ ತೆಗೆಯುವ ಹೊತ್ತಿಗೆ ಮನೆಯಿಂದ ಹನ್ನೊಂದು ಸಲ ಫೋನು ಬಂದಿತ್ತು, ನಾನು ನೋಡಿರಲಿಲ್ಲ. ಅಮ್ಮ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಹೆಂಡತಿಗೆ ಎತ್ತಲು ಆಗಲಿಲ್ಲ. ಕೆಳಗಿನ ಮನೆಯ ದರ್ಜಿಯಣ್ಣನನ್ನು ಕೂಗಿದರೆ ಹೊಲಿಗೆ ಮಿಷಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಲ್ಲ, ಆ ಬೆನ್ನಿನಲ್ಲಿ ಮೆಟ್ಟಿಲಿಳಿಯಲು ಇವಳಿಗೂ ಆಗಿಲ್ಲ. ನಾನು ಬಂದಾಗ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇವಳು ಗೋಡೆಗೆ ಒರಗಿ ಕೂತಿದ್ದಳು. ಎರಡು ಗಂಟೆ ಹಾಗೇ ಕೂತಿದ್ದರಂತೆ. ಇಬ್ಬರೂ ಅಳುತ್ತಿರಲಿಲ್ಲ, ಒಬ್ಬರನ್ನೊಬ್ಬರು ಬೈಯುತ್ತಲೂ ಇರಲಿಲ್ಲ. ಅತ್ತೆ ಸೊಸೆ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಮ್ಮನನ್ನು ಹಾಸಿಗೆಗೆ ಹಾಕಿ, ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ನನ್ನ ಕೈಲಿ ಇನ್ನು ಆಗಲ್ಲ ಕಣೇ. ಅಮ್ಮನ್ನ ನೀನು ಕರ್ಕೊಂಡು ಹೋಗು.”

ಅಕ್ಕ ಹೊರದೇಶಕ್ಕೆ ಹೋಗಿ ಹದಿನೆಂಟು ವರ್ಷವಾಯಿತು. ಅಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ. ಬೇರೆಯವರ ಅಮ್ಮಂದಿರನ್ನು ಎತ್ತುತ್ತಾಳೆ, ಆದರೆ ಕೈಯಿಂದಲ್ಲ. ಮೈಗೆ ಪಟ್ಟಿ ಸುತ್ತಿ ಬಟನ್ ಒತ್ತಿದರೆ ಯಂತ್ರವೇ ಎತ್ತುತ್ತದೆ. ಅದರ ವಿಡಿಯೊ ಕಳಿಸಿದಳು. ನಾಲ್ಕು ಸಲ ನೋಡಿದೆ. ಸಣ್ಣ ಮೋಟಾರು, ಸದ್ದಿಲ್ಲ, ಜರ್ಕ್ ಇಲ್ಲ, ಒಳ್ಳೆ ಮಾಲು. ಮನೆಗೂ ಒಂದು ಹಾಕಿಸಬಹುದಂತೆ. ಅವಳದು ನೆಲಮಹಡಿಯ ಮನೆ, ಬಸ್ ಓಡಿಸಿ ರಿಟೈರಾದ ಭಾವ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಇದಕ್ಕಿಂತ ಏನು ಬೇಕು? ಅಮ್ಮನಿಗೆ ಮಾತ್ರ, “ಅಕ್ಕ ನಿನ್ನನ್ನ ಕರೀತಿದ್ದಾಳೆ, ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾಳೆ” ಎಂದೆ. ಅಮ್ಮ ನನ್ನ ಮುಖ ನೋಡಿ, “ಕರೆದ್ರೆ ಹೋಗಬೇಕಪ್ಪ” ಎಂದಳು.

ಅಕ್ಕನ ದೇಶದ ಕಾನೂನು ಹೀಗಿತ್ತು: ಕೈಲಾಗದ ತಾಯಿಯನ್ನು ಕರೆಸಿಕೊಳ್ಳಬಹುದು, ಆದರೆ ಅವಳಿರುವ ಕಡೆ ನೋಡಿಕೊಳ್ಳುವವರು ಯಾರೂ ಇರಬಾರದು. ಅಕ್ಕ ಅರ್ಜಿ ಹಾಕಿದಳು, ಜೊತೆಗೆ ಎರಡು ಪುಟದ ಪತ್ರ ಬರೆದಳು. ಐದು ತಿಂಗಳಾದ ಮೇಲೆ ತಿರಸ್ಕಾರ ಬಂತು. ಯಾಕೆ ಎಂದು ನೋಡಿದರೆ, ‘ಅರ್ಜಿದಾರರ ಪತ್ರದ ಪ್ರಕಾರ ತಾಯಿಗೆ ಈಗಿರುವ ಮನೆಯಲ್ಲೇ ಅತ್ಯುತ್ತಮ ಆರೈಕೆ ದೊರೆಯುತ್ತಿದೆ’ ಎಂದು ಬರೆದಿದ್ದರು.

“ಏನು ಬರೆದಿದ್ದೆ ಅಕ್ಕ ನೀನು?”

“ಇದ್ದಿದ್ದು ಬರೆದೆ. ನನ್ನ ತಮ್ಮ ಚಿನ್ನದಂಥವನು, ಅವನ ಹೆಂಡತಿ ಮಗಳಿಗಿಂತ ಹೆಚ್ಚಾಗಿ ನೋಡ್ಕೊಳ್ತಾಳೆ, ಆರು ವರ್ಷದಲ್ಲಿ ಅಮ್ಮನ ಬೆನ್ನಿಗೆ ಒಂದು ಹುಣ್ಣಾಗಿಲ್ಲ ಅಂತ.”

“ಅಯ್ಯೋ ನಿನ್ನ!”

“ಇನ್ನೇನೋ ಮತ್ತೆ! ನಮ್ಮ ಮನೆಯವರನ್ನ ನಾನೇ ಹೊರಗಿನವರ ಮುಂದೆ ಆಡ್ಕೊಳ್ಳಲಾ? ಒಳ್ಳೇ ಮನೆತನ ಅಂತ ಗೊತ್ತಾದ್ರೆ ಬೇಗ ಕೊಡ್ತಾರೆ ಅಂದ್ಕೊಂಡೆ.”

ತಲೆ ಚಚ್ಚಿಕೊಂಡೆ. ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದುಬಿಟ್ಟಿದ್ದಳು ಮಹಾತಾಯಿ. ಸಂಬಂಧ ನೋಡಲು ಬಂದವರ ಮುಂದೆ ಹೇಳುವ ಮಾತನ್ನು ಸರ್ಕಾರಕ್ಕೆ ಬರೆದಿದ್ದಳು. ಅವಳನ್ನು ಬೈಯುವ ಹಾಗೂ ಇಲ್ಲ. ಆರು ವರ್ಷದಲ್ಲಿ ನಮ್ಮಿಬ್ಬರನ್ನು ಅಷ್ಟು ಹೊಗಳಿದವರು ಬೇರೆ ಯಾರೂ ಇರಲಿಲ್ಲ. ಅಕ್ಕನ ಪತ್ರ ತರಿಸಿ ಹೆಂಡತಿಗೆ ಓದಿ ಹೇಳಿದರೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇನ್ನೊಂದು ಸಲ ಓದ್ರೀ” ಎಂದಳು.

ಎರಡನೇ ಸಲ ಅಂಥ ಕೆಲಸ ಆಗಬಾರದೆಂದು ಅರ್ಜಿ ಬರೆಯುವುದನ್ನೇ ಕಸುಬು ಮಾಡಿಕೊಂಡ ಒಬ್ಬರನ್ನು ಹಿಡಿದೆ. ನಾವು ಅವರಿಗೆ ಫಾರಂ ಮೇಷ್ಟ್ರು ಎಂದೇ ಹೆಸರಿಟ್ಟೆವು. ಸಣ್ಣ ರೂಮು, ಗೋಡೆ ಪೂರ್ತಿ ಫೈಲು, ಮೇಜಿನ ಮೇಲೆ ಅಂಟಿನ ಡಬ್ಬಿ. ಕನ್ನಡಕವನ್ನು ಹಣೆಗೇರಿಸಿ ತಿರಸ್ಕಾರದ ಪತ್ರ ಓದಿದರು.

“ಸುಳ್ಳು ಬರೀಬೇಡಿ. ಸಿಕ್ಕಿಬೀಳ್ತೀರ. ಸತ್ಯದಲ್ಲೇ ಬೇಕಾಗಿದ್ದನ್ನ ಮಾತ್ರ ಆರಿಸ್ಕೊಳ್ಳಿ. ಮಗ ಬೆಳಗ್ಗೆ ಹೋದ್ರೆ ಸಂಜೆ ಬರ್ತಾನಾ?”

“ಬರ್ತೀನಿ.”

“ಸೊಸೆ ಎತ್ತೋಕಾಗತ್ತಾ?”

“ಇಲ್ಲ.”

“ತಾಯಿ ಬಿದ್ದಿದ್ರಾ?”

“ಬಿದ್ದಿದ್ರು.”

“ಎಷ್ಟು ಹೊತ್ತು?”

“ಎರಡು ಗಂಟೆ.”

“ಭೇಷ್,” ಎಂದು ಬರೆದುಕೊಂಡರು. ಆರು ವರ್ಷದ ಕಥೆಯಲ್ಲಿ ಅವರಿಗೆ ಬೇಕಾಗಿದ್ದು ಆ ಎರಡು ಗಂಟೆ ಮಾತ್ರ. ಕೊನೆಯಲ್ಲಿ, ‘ತಾಯಿಯನ್ನು ನೋಡಿಕೊಳ್ಳಲು ನನಗೆ ಸಾಧ್ಯವಿಲ್ಲ, ಮುಂದೆಯೂ ಸಾಧ್ಯವಾಗುವುದಿಲ್ಲ, ಅದಕ್ಕೆ ನನಗೆ ಮನಸ್ಸೂ ಇಲ್ಲ’ ಎಂದು ಸೇರಿಸಿದರು. ಮನಸ್ಸಿಲ್ಲ ಎನ್ನುವುದು ಬೇಡ ಮೇಷ್ಟ್ರೇ ಎಂದೆ. ಅದಿಲ್ಲದಿದ್ದರೆ ಕಾಸು ಕೊಟ್ಟು ಆಳು ಇಡು ಅನ್ನುತ್ತಾರೆ, ಅದು ಇರಲಿ ಎಂದರು. ಇರಲಿ ಎಂದು ನಾನೂ ಸಹಿ ಹಾಕಿದೆ.

ನೆರೆಯವರೊಬ್ಬರ ಸಾಕ್ಷಿ ಬೇಕಿತ್ತು. ದರ್ಜಿಯಣ್ಣನ ಹತ್ತಿರ ಹೋದೆ. ಕತ್ತಿಗೆ ಟೇಪು ನೇತುಹಾಕಿಕೊಂಡೇ ಪೂರ್ತಿ ಓದಿದ.

“ಏನಪ್ಪಾ ಇದು? ಇದನ್ನ ಓದಿದ್ರೆ ನನಗೇ ನಿನ್ನ ಮೇಲೆ ಕೋಪ ಬರ್ತಿದೆ.”

“ಬರಬೇಕು, ಅದಕ್ಕೇ ಬರೆಸಿರೋದು.”

“ಕುಡೀತಾನೆ ಅಂತ ಹಾಕಿಲ್ಲ?”

“ನಾನು ಕುಡಿಯಲ್ಲವಲ್ಲ ದರ್ಜಿಯಣ್ಣ.”

“ಕುಡೀದೆ ಹಿಂಗೆ ಮಾಡ್ತಾನೆ ಅಂದ್ರೆ ಇನ್ನೂ ಅಸಹ್ಯ. ಕುಡೀತಾನೆ ಅಂದ್ರೆ ಒಂದು ಮರ್ಯಾದೆ ಇರತ್ತೆ,” ಎಂದು ನಕ್ಕ. ನಾನೂ ನಕ್ಕೆ. ಪೆನ್ನು ತೆಗೆದುಕೊಂಡವನು ಸಹಿ ಮಾಡದೆ ಕೂತ. “ಅವತ್ತು ನನಗೆ ಕೇಳಿಸಬೇಕಿತ್ತು ಕಣಪ್ಪ,” ಎಂದ. ಆಮೇಲೆ ಸಹಿ ಮಾಡಿದ.

ಈ ಸಲ ಅರ್ಜಿ ಮುಂದಕ್ಕೆ ಹೋಯಿತು. ವಿಡಿಯೊದಲ್ಲಿ ತಾಯಿಯ ಸಂದರ್ಶನ ಇದೆ, ದುಭಾಷಿಯನ್ನು ಅವರೇ ಕೊಡುತ್ತಾರೆ, ಕೋಣೆಯಲ್ಲಿ ಬೇರೆ ಯಾರೂ ಇರಬಾರದು ಎಂದು ಪತ್ರ ಬಂತು. ಮೇಷ್ಟ್ರು ಆರು ಪ್ರಶ್ನೆ ಬರೆದುಕೊಟ್ಟರು. ಒಂದು ವಾರ ನಾನು ಅಧಿಕಾರಿಯಾಗಿ ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತೆ.

“ನಿಮ್ಮ ಮಗ ನಿಮ್ಮನ್ನು ನೋಡಿಕೊಳ್ಳುತ್ತಾರಾ?”

“ಇಲ್ಲ ಸ್ವಾಮಿ. ಅವನು ನನ್ನ ಕಡೆ ತಿರುಗೂ ನೋಡಲ್ಲ. ಆ ದಿಂಬು ಸ್ವಲ್ಪ ಬೆನ್ನಿಗೆ ಕೊಡೋ.”

“ಅಮ್ಮಾ! ದಿಂಬು ಕೇಳಬಾರದು.”

“ಬೆನ್ನು ನೋಯತ್ತಲ್ಲೋ.”

ಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದಳು. ಬಹಳ ದಿನದ ಮೇಲೆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಆ ವಾರವೇ.

ಸಂದರ್ಶನದ ದಿನ ಅಮ್ಮನನ್ನು ಕುರ್ಚಿಗೆ ಹಾಕಿ, ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಎರಡು ದಿಂಬು ಕೊಟ್ಟು ನಾನು ಅಡುಗೆಮನೆ ಸೇರಿದೆ. ಹೆಂಡತಿ ಗ್ಯಾಸಿನ ಕಟ್ಟೆ ಹಿಡಿದು ನಿಂತಿದ್ದಳು. ಬಾಗಿಲು ಒಂದಿಷ್ಟೇ ತೆರೆದಿತ್ತು. ಅಧಿಕಾರಿಯ ಮಾತು ನಮಗೆ ಅರ್ಥವಾಗದ್ದು, ಅದರ ಹಿಂದೆಯೇ ದುಭಾಷಿ ಹೆಂಗಸಿನ ಕನ್ನಡ. ಮೊದಲಿನ ಐದು ಪ್ರಶ್ನೆಗೆ ಅಮ್ಮ ಗಿಳಿಪಾಠ ಒಪ್ಪಿಸಿದಳು. ಯಾರು ಎತ್ತುತ್ತಾರೆ? ಕೆಳಗಿನ ಮನೆಯವರು, ಅವರಿಗೆ ಪುರುಸೊತ್ತಾದಾಗ. ಮಗ? ಇದ್ದಾನೆ, ಇದ್ದೂ ಇಲ್ಲದ ಹಾಗೆ. ಎಲ್ಲೂ ತಡವರಿಸಲಿಲ್ಲ. ಇಷ್ಟು ಚೆನ್ನಾಗಿ ಹೇಳಬೇಡ ಅಮ್ಮ ಅನ್ನಿಸಿತು ನನಗೆ. ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

ಆರನೆಯದು ಮೇಷ್ಟ್ರು ಬರೆದುಕೊಟ್ಟ ಪ್ರಶ್ನೆಯಾಗಿರಲಿಲ್ಲ.

“ನಿಮ್ಮ ಮಗ ನಿಮ್ಮನ್ನು ಯಾಕೆ ನೋಡಿಕೊಳ್ಳುವುದಿಲ್ಲ ಎಂದು ಅಧಿಕಾರಿಗಳು ಕೇಳುತ್ತಿದ್ದಾರೆ.”

ಮುಗಿಯಿತು, ಇನ್ನು ಚಿನ್ನದಂಥವನು ಅಂದುಬಿಡುತ್ತಾಳೆ, ಅಮ್ಮ ಮಗಳು ಒಂದೇ ತಳಿ ಎಂದುಕೊಂಡೆ. ದುಭಾಷಿ ಇನ್ನೊಮ್ಮೆ ಕೇಳಿದಳು.

“ಅವನಿಗೆ ಸಾಕಾಗಿದೆಯಮ್ಮ,” ಎಂದಳು ಅಮ್ಮ. “ಕೆಟ್ಟವನಲ್ಲ. ಸಾಕಾಗಿದೆ ಅಷ್ಟೇ. ನಮ್ಮತ್ತೆನ ನಾನು ಎಂಟು ವರ್ಷ ಎತ್ತಿದೀನಿ. ನನಗೂ ಹೀಗೇ ಸಾಕಾಗಿತ್ತು. ಬೇಗ ಹೋಗಲಿ ಅಂತ ಮನಸ್ಸಲ್ಲೇ ಅಂದ್ಕೊಂಡಿದ್ದೂ ಉಂಟು. ಕಳಿಸೋಣ ಅಂದ್ರೆ ನನಗೆ ಇನ್ನೊಂದು ದೇಶ ಎಲ್ಲಿತ್ತು? ನನ್ನ ಮಗ ಅಂಥದ್ದು ಅಂದ್ಕೊಳ್ಳೋ ಮೊದಲು ನನ್ನನ್ನ ಕರೆಸ್ಕೊಂಡುಬಿಡಿ.”

ದುಭಾಷಿ ಅದನ್ನು ಆ ಭಾಷೆಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡಳು. ಅಜ್ಜಿಯನ್ನು ಅಮ್ಮ ನೋಡಿಕೊಂಡದ್ದು ನನಗೆ ನೆನಪಿದೆ. ಅಮ್ಮನ ಬಾಯಲ್ಲಿ ಸಾಕಾಯಿತು ಎಂಬ ಮಾತನ್ನು ಮಾತ್ರ ನಾನು ಒಂದು ದಿನವೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನನಗೆ ನಾಚಿಕೆಯಾಯಿತು. ಹೆಂಡತಿಯ ಮುಖ ನೋಡಲಾಗಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ. ಅಮ್ಮ ಹೆದರಿದ್ದ ಆ ಯೋಚನೆ ನಮ್ಮಿಬ್ಬರಿಗೂ ಆಗಲೇ ಬಂದು ಹೋಗಿತ್ತು.

ಮೂರು ವಾರಕ್ಕೆ ಒಪ್ಪಿಗೆ ಬಂತು. ಅಕ್ಕ ಫೋನಿನಲ್ಲಿ ಅತ್ತಳು, ನಕ್ಕಳು, ಯಂತ್ರ ತರಿಸಲು ಹೇಳಿದ್ದೇನೆ ಎಂದಳು. ಭಾವ ಕಿಟಕಿಯ ಪಕ್ಕ ಜಾಗ ಮಾಡುತ್ತಿದ್ದಾರಂತೆ. ಸುದ್ದಿ ಹೇಳಲು ಅಮ್ಮನ ಕೋಣೆಗೆ ಹೋದೆ. ಮಧ್ಯಾಹ್ನದ ಹೊತ್ತು. ಕುರ್ಚಿಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು.

“ಒಪ್ಪಿಗೆ ಬಂತಮ್ಮ.”

“ಬಂತಾ?” ಕೈಯಲ್ಲಿದ್ದ ಟವಲನ್ನು ಪೂರ್ತಿ ಮಡಚಿ ಪಕ್ಕಕ್ಕಿಟ್ಟಳು. “ನಿಮ್ಮಕ್ಕ ಕರೀಲಿಲ್ಲ ಅಂತ ನನಗೆ ಗೊತ್ತು ಕಣೋ. ನೀನು ಹೇಳಿದ ಮೇಲೆ ಅವಳು ಕರೆದಿದ್ದು.”

ನಾನು ಮಡಚಿಟ್ಟ ಟವಲನ್ನು ಎತ್ತಿ ಮತ್ತೆ ಅಲ್ಲೇ ಇಟ್ಟೆ.

“ಬೈಯ್ತಿಲ್ಲ. ಆ ಕಾಗದ, ಆ ಸಹಿ, ನಾನು ಹೇಳಿದ್ದು, ಎಲ್ಲ ಅವರಿಗೋಸ್ಕರ ಆಯ್ತು. ಈಗ ಇಲ್ಲಿ ಯಾವ ಆಫೀಸಿನವರೂ ಇಲ್ಲ. ನೀನೇ ಹೇಳು. ಹೋಗಲೇನೋ?”

ಬೇಡಮ್ಮ, ಎಲ್ಲಿಗೂ ಹೋಗಬೇಡ, ಅರ್ಜಿ ಹರಿದು ಹಾಕೋಣ. ಮಾತು ನಾಲಿಗೆ ತುದಿಯಲ್ಲೇ ಇತ್ತು. ಅಮ್ಮ ಅದಕ್ಕಾಗಿ ಕಾಯುತ್ತಿದ್ದಾಳೆ ಎಂದೂ ಗೊತ್ತಿತ್ತು. ಹೇಳಿದ್ದರೆ ಅವಳು ಉಳಿಯುತ್ತಿದ್ದಳು, ಅಕ್ಕನನ್ನೂ ಅವಳೇ ಒಪ್ಪಿಸುತ್ತಿದ್ದಳು. ಆಚೆ ಅಡುಗೆಮನೆಯಲ್ಲಿ ಹೆಂಡತಿ ಡಾಕ್ಟರು ಕೊಟ್ಟ ಸೊಂಟದ ಬೆಲ್ಟು ಬಿಚ್ಚಿ ಮತ್ತೆ ಬಿಗಿದುಕೊಂಡ ಚರ್ರೆನ್ನುವ ಸದ್ದು ಕೇಳಿಸಿತು. ನನ್ನ ಎರಡೂ ಭುಜ ನೋಯುತ್ತಿದ್ದವು.

“ಹೋಗಮ್ಮ,” ಎಂದೆ.

“ಸರಿ ಹಾಗಾದ್ರೆ,” ಎಂದು ಅಮ್ಮ ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. ಅದಾದ ಮೇಲೆ ಸಂಜೆಯವರೆಗೂ ನನ್ನನ್ನು ಏನೂ ಕೇಳಲಿಲ್ಲ, ಕುಡಿಯಲು ನೀರು ಕೂಡ.