ತಪ್ಪು ತಾಳುವ ಬ್ಯಾಟು

“ಅದನ್ನ ಒಳಗಿಡ್ರಿ, ಬ್ಯಾಡ,” ಎಂದು ಪ್ರೇಮಮ್ಮ ಟೀಚರ್ ಅಂಗಡಿಯವನ ಕೈಯಲ್ಲಿದ್ದ ಬ್ಯಾಟನ್ನು ಪಕ್ಕಕ್ಕೆ ಸರಿಸಿದರು. “ಇವಳಿಗೆ ಮಣಿಕಟ್ಟು ತಿರುಗಲ್ಲ. ಕಾಕ್ ಅಂಚಿಗೆ ಬಡಿದ್ರೂ ನೆಟ್ ದಾಟಬೇಕು, ಅಂಥಾದ್ದು ತೋರಿಸ್ರಿ.”

ಶಿವಮೊಗ್ಗದ ಆ ಆಟದ ಸಾಮಾನಿನ ಅಂಗಡಿಯ ಮುರುಗೇಶಪ್ಪ ಅರ್ಧ ಗಂಟೆಯಿಂದ ಬ್ಯಾಟು ತೆಗೆದು ತೆಗೆದು ಸುಸ್ತಾಗಿದ್ದ. “ಸ್ಟೀಲ್ ಕಡ್ಡೀದು ಐತೆ, ನೂರಾ ನಲವತ್ತು.”

“ಎಂಬತ್ತೈದರ ಮೇಲೆ ಒಂದು ಪೈಸೆ ಇಲ್ಲ,” ಎಂದಳು ಉಡಚಮ್ಮ, ಪರ್ಸನ್ನು ಸೊಂಟಕ್ಕೆ ಒತ್ತಿ ಹಿಡಿದು.

ಕೊನೆಗೆ ಅವನು ಅಟ್ಟದಿಂದ ಮರದ ಬ್ಯಾಟೊಂದನ್ನು ಇಳಿಸಿದ. ತಲೆ ಸ್ವಲ್ಪ ಅಗಲ, ದಾರ ಸ್ವಲ್ಪ ಸಡಿಲ. “ಜೋರಾಗಿ ಹೊಡಿಯಾಕೆ ಬರಲ್ಲ ಇದ್ರಾಗೆ. ಆದ್ರೆ ತಪ್ಪು ತಾಳ್ಕಂತೈತೆ. ಎಲ್ಲಿ ಬಡಿದ್ರೂ ಆಚೆ ಕಳಿಸ್ತೈತೆ. ಎಂಬತ್ತೆರಡು ಕೊಡ್ರಿ. ಕೈಗೆ ಒಗ್ಗಲಿಲ್ಲ ಅಂದ್ರೆ ಸಂಜೆ ಒಳಗೆ ತಂದ್ಕೊಡ್ರಿ, ವಾಪಸ್ ತಗಂತೀನಿ.”

ಪ್ರೇಮಮ್ಮ ಅದನ್ನು ಬೆರಳಿನ ಮೇಲೆ ತೂಗಿ ನೋಡಿದರು, ದಾರಕ್ಕೆ ಉಗುರು ತಾಗಿಸಿ ಕಿವಿಗೊಟ್ಟರು. “ಇದೇ,” ಎಂದರು. ತನಗಾಗಿ ಇಷ್ಟು ಚೌಕಾಸಿ ಮಾಡಿದವರು ಉಡಚಮ್ಮನಿಗೆ ಹುಟ್ಟಿದಾಗಿನಿಂದ ಯಾರೂ ಸಿಕ್ಕಿರಲಿಲ್ಲ. ಅವಳಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಅವಳು ಚನ್ನಗಿರಿ ತಾಲ್ಲೂಕು ಕಚೇರಿಯ ಟೈಪಿಸ್ಟು. ಪ್ರೇಮಮ್ಮ ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಟೀಚರ್. ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಇಬ್ಬರೂ ಷಟಲ್ ಡಬಲ್ಸ್ ಜೋಡಿ. ಎರಡು ವರ್ಷ ಫೈನಲ್ಲಿನಲ್ಲಿ ಸೋತು, ಈ ವರ್ಷ, ಎಂಬತ್ನಾಲ್ಕರಲ್ಲಿ, ತಾಲ್ಲೂಕಿಗೇ ಗೆದ್ದಿದ್ದರು. ಇನ್ನು ಹದಿನೈದು ದಿನಕ್ಕೆ ಶಿವಮೊಗ್ಗದಲ್ಲಿ ಜಿಲ್ಲಾ ಮಟ್ಟ. ಆಟ ಪ್ರೇಮಮ್ಮನದು, ಓಟ ಉಡಚಮ್ಮನದು. ಟೈಪ್ ಮಿಷನ್ನಿನ ಮೇಲೆ ಒಂದಕ್ಷರ ತಪ್ಪದ ಅವಳ ಬೆರಳುಗಳು ಬ್ಯಾಟು ಹಿಡಿದವೆಂದರೆ ಮುಗಿಯಿತು, ಯಾರದೋ ಬೆರಳಾಗಿಬಿಡುತ್ತಿದ್ದವು. ಜಿಲ್ಲೆಯಲ್ಲಿ ಈ ತಪ್ಪು ನಡೆಯಲ್ಲ, ಬ್ಯಾಟು ಬದಲಾಯಿಸು ಎಂದು ಹಟ ಹಿಡಿದು ಆ ಶನಿವಾರ ಕರೆತಂದಿದ್ದವರು ಪ್ರೇಮಮ್ಮನೇ.

ಹೋಟೆಲಿನಲ್ಲಿ ಬೈ ಟೂ ಕಾಫಿ ಕುಡಿದರು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಪ್ರೇಮಮ್ಮನ ಸೋದರತ್ತೆಯ ಮನೆ. ಕ್ರೀಡಾಕೂಟದ ಎರಡು ದಿನ ಇಬ್ಬರೂ ಅಲ್ಲೇ ಉಳಿಯುವುದೆಂದು ಮಾತಾಗಿತ್ತು.

“ಅತ್ತೆಗೆ ಹಣ್ಣು ಕೊಟ್ಟು, ನಾವು ಬರೋ ವಿಷ್ಯ ಹೇಳಿ ಬಂದ್ಬಿಡ್ತೀನಿ. ನೀನು ಇಲ್ಲೇ ನೆರಳಾಗೆ ನಿಂತಿರು, ಐದೇ ನಿಮಿಷ.”

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ಉಡಚಮ್ಮನಿಗೇನೂ ಬೇಸರವಾಗಲಿಲ್ಲ. ಬೇವಿನ ಮರದ ಕೆಳಗೆ ಸೆರಗು ಸಿಕ್ಕಿಸಿಕೊಂಡು, ಇಲ್ಲದ ಕಾಕನ್ನು ಇಲ್ಲದ ನೆಟ್ಟಿನಾಚೆ ಹೊಡೆಯುತ್ತ ನಿಂತಳು. ಒಮ್ಮೆ ಆ ಮನೆಯ ಕಿಟಕಿಯಿಂದ ಮುದುಕಿಯೊಬ್ಬರು ಇಣುಕಿದರು. ಇವಳು ನಕ್ಕಳು. ಕಿಟಕಿ ಮುಚ್ಚಿತು.

ಪ್ರೇಮಮ್ಮ ಹೊರಗೆ ಬಂದಾಗ ಮುಖ ಸಪ್ಪಗಿತ್ತು. “ಏನಂದ್ರು ಹೇಳ್ರಿ ಪ್ರೇಮಕ್ಕ?” ಎಂದರೆ, “ಏನಿಲ್ಲ, ನಡಿ, ಬಸ್ ತಪ್ತೈತೆ,” ಎಂದರು. ಚನ್ನಗಿರಿಯವರೆಗೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಪಾಪ, ತಲೆನೋವಿರಬೇಕು ಎಂದು ಉಡಚಮ್ಮ ಕಿಟಕಿಯ ಕಡೆ ತಾನು ಕೂತು ಬಿಸಿಲಿಗೆ ಅಡ್ಡವಾದಳು.

ಭಾನುವಾರ ತನ್ನೂರು ನಲ್ಲೂರಿಗೆ ಹೋದಳು. ಅವ್ವ ಕಲ್ಲಮ್ಮ ಹಳೆಯ ಸೀರೆಯ ಸೆರಗು ಕತ್ತರಿಸಿ ಬ್ಯಾಟಿಗೊಂದು ಚೀಲ ಹೊಲಿದಳು. ಹೊಲಿಯುತ್ತಲೇ ಇಡೀ ಕೇರಿಗೆ ಕೇಳುವಂತೆ, “ನಮ್ಮುಡುಗಿ ಜಿಲ್ಲೆಗೆ ಆಡಾಕೆ ಹೊಂಟಾಳೆ ಕಣ್ರೇ,” ಎಂದು ಕೂಗಿದಳು.

ಸೋಮವಾರ ಹನ್ನೊಂದಕ್ಕೆ ಜವಾನ ಮಾರಪ್ಪ ಕಾಗದವೊಂದನ್ನು ಅವಳ ಮೇಜಿನ ಮೇಲಿಟ್ಟ. “ಆಟದೋರ ಪಟ್ಟಿ. ಮೂರು ಪ್ರತಿ ಬೇಕಂತೆ, ಅರ್ಜೆಂಟು.”

ಪ್ರೇಮಮ್ಮನದೇ ದುಂಡಗಿನ ಟೀಚರ್ ಅಕ್ಷರ. ಮಹಿಳೆಯರ ಷಟಲ್ ಡಬಲ್ಸ್ ಎಂಬಲ್ಲಿ ಶ್ರೀಮತಿ ಪ್ರೇಮಮ್ಮ, ಅದರ ಕೆಳಗೆ ಶ್ರೀಮತಿ ಸರ್ವಮಂಗಳಮ್ಮ. ಖಜಾನೆಯ ಸರ್ವಮಂಗಳಮ್ಮ! ನಾಲ್ಕು ಸಲ ಕಾಕ್ ಹೊಡೆದರೆ ಸೊಂಟ ಹಿಡಿದು ಕೂರುವ ಹೆಂಗಸು, ಪ್ರೇಮಮ್ಮನ ಜನವೇ. ಉಡಚಮ್ಮ ಕಾಗದವನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಪ್ರೇಮಮ್ಮ ಬಂದರು. ಕೂರಲಿಲ್ಲ.

“ಟೈಪ್ ಆಯ್ತಾ?”

“ನನ್ನ ಆಟ ಅಷ್ಟು ಕೆಟ್ಟೋಗಿತ್ತೇನ್ರಿ ಪ್ರೇಮಕ್ಕ?”

“ಆಟದ ಮಾತಲ್ಲ ಕಣೇ.” ಪ್ರೇಮಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನೀನು ಯಾರ ಪೈಕಿ ಅಂತ ಅತ್ತೆ ಕೇಳಿದ್ರು. ಸುಳ್ಳು ಹೇಳಾಕೆ ಆಗ್ಲಿಲ್ಲ. ಹಳೇ ಕಾಲದೋರು, ಒಲೆ, ಪೂಜೆ ಅಂತಾರೆ. ಲಾಡ್ಜಿನಾಗೆ ಉಳ್ಕಳಾಕೆ ನಮ್ಮನೆಯೋರು ಒಪ್ಪಲ್ಲ. ನಂಗೇನೂ ಇಲ್ಲಪ್ಪ, ನಿಂಗೇ ಗೊತ್ತಲ್ಲ, ಒಂದೇ ಕಾಫೀನ ಇಬ್ರೂ ಕುಡುದೀವಿ.”

“ಅತ್ತೆ ಮನೆಯಿಂದ ಹೊರಗೆ ಬಂದಾಗ ಹೇಳಬಹುದಿತ್ತಲ್ರಿ. ಅಂಗಡಿ ಇನ್ನೂ ತೆಗ್ದಿತ್ತು.”

ಪ್ರೇಮಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡರು. ಅಷ್ಟಕ್ಕೇ ಹೊರಟುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅವರ ಕಣ್ಣು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲದ ಮೇಲೆ ಬಿತ್ತು.

“ಸಿಟ್ಟಾಗಬ್ಯಾಡ. ಮಂಗಳಕ್ಕನ ಹತ್ರ ಒಳ್ಳೇ ಬ್ಯಾಟಿಲ್ಲ. ಎರಡು ದಿನದ ಮಟ್ಟಿಗೆ ಇದನ್ನ ಕೊಟ್ಟಿರು. ಹೊಸಬ್ರಿಗೆ ಇಂಥಾದ್ದೇ ಬೇಕು.”

ಮೂರು ವರ್ಷ ರೀ ಹಚ್ಚದೆ ಮಾತಾಡದ ಉಡಚಮ್ಮ ಆಗಲೂ ರೀ ಬಿಡಲಿಲ್ಲ.

“ಕೊಡಾಕೆ ನಂದೇನೈತ್ರಿ. ಆದ್ರೆ ಅದು ಬೇವಿನ ಮರದ ಕೆಳಗೆ ನಿಂತಿದ್ದ ಬ್ಯಾಟು. ಹಿಡಿ ತುಂಬ ನನ್ನ ಕೈ ಬೆವರೈತೆ. ಒಳಗೆ ಬಿಡ್ತಾರಾ, ಅತ್ತೇರನ್ನ ಒಂದು ಮಾತು ಕೇಳ್ಕಂಡು ಬರ್ರಿ.”

ಪ್ರೇಮಮ್ಮ ಪಟ್ಟಿಯನ್ನೂ ಕೇಳದೆ ಹೊರಟು ಹೋದರು.

ಉಡಚಮ್ಮ ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಸೇರಿಸಿ ಮಿಷನ್ನಿಗೆ ಏರಿಸಿದಳು. ಪುರುಷರ ಕಬಡ್ಡಿ, ವಾಲಿಬಾಲ್, ಗುಂಡು ಎಸೆತ, ಎಲ್ಲ ಸರಾಗವಾಗಿ ಹೋಯಿತು. ಪ್ರೇಮಮ್ಮನ ಹೆಸರಾದ ಮೇಲೆ ಬೆರಳುಗಳು ಅವಳನ್ನು ಕೇಳದೆ ಓಡಿದವು. ಮೂರು ವರ್ಷದ ಅಭ್ಯಾಸ. ತಲೆಯೆತ್ತಿ ನೋಡಿದರೆ ಅಲ್ಲಿ ಉಡಚಮ್ಮ ಎಂದಿತ್ತು.

ಡ್ರಾಯರಿನಿಂದ ರಬ್ಬರ್ ತೆಗೆದಳು. ಮೇಲಿನ ಪ್ರತಿ ಚೆನ್ನಾಗಿ ಅಳಿಸಿತು. ಎರಡನೆಯದೂ ಅಳಿಸಿತು. ಮೂರನೆಯದರಲ್ಲಿ ಕಾರ್ಬನ್ನಿನ ನೀಲಿ ಹರಡಿತೇ ಹೊರತು ಹೋಗಲಿಲ್ಲ. ಇನ್ನೂ ತಿಕ್ಕಿದಳು. ಹಾಳೆ ಹರಿಯುವಂತಾಯಿತು. ಅದರ ಮೇಲೆಯೇ ಸರ್ವಮಂಗಳಮ್ಮ ಎಂದು ಒಂದೊಂದೇ ಅಕ್ಷರ ಒತ್ತಿ, ಆ ಪ್ರತಿಯನ್ನು ಕಚೇರಿಯ ಫೈಲಿಗೆ ಸೇರಿಸಿ ದಾರ ಕಟ್ಟಿದಳು.