ಹೊಳಪಿನ ಮಗ್ಗುಲಲ್ಲಿ

ನನ್ನ ಪ್ರಬಂಧದ ವಾದ ಚಿಕ್ಕದು. ಎಳೆಯ ನಕ್ಷತ್ರಗುಚ್ಛದಲ್ಲಿ ಭಾರದ ನಕ್ಷತ್ರಗಳು ನಡುವೆ ಇವೆ, ಹಗುರವಾದವು ಅಂಚಿನಲ್ಲಿ. ಭಾರದವು ಹೊರಗಿನಿಂದ ಒಳಗೆ ಜಾರಿ ಬರುವಷ್ಟು ವಯಸ್ಸು ಆ ಗುಚ್ಛಕ್ಕಿಲ್ಲ. ಆದ್ದರಿಂದ ಅವು ನಡುವೆಯೇ ಹುಟ್ಟಿರಬೇಕು.

ಇದನ್ನು ನನಗಿಂತ ಮೊದಲು ನಂಬಿದವನು ಅನಿಕೇತ, ನನ್ನ ಗಂಡ. ಅವನು ತೀರಿಕೊಂಡು ವರ್ಷವಾಗಿತ್ತು.

ಪ್ರಬಂಧ ಒಪ್ಪಿಸುವ ಮುನ್ನ ಮಾರ್ಗದರ್ಶಕಿ ಪೂರ್ಣಿಮಾ ಮೇಡಂ ಒಂದು ಪ್ರಶ್ನೆ ಕೇಳಿದರು. ನಡುವಿನ ದೊಡ್ಡ ನಕ್ಷತ್ರಗಳ ಹೊಳಪಿನಲ್ಲಿ ಸಣ್ಣವು ಮರೆಯಾಗಿರಬಹುದಲ್ಲವೇ? ಪರೀಕ್ಷಿಸುತ್ತೇನೆ ಎಂದೆ. ಮನಸ್ಸಿರಲಿಲ್ಲ. ವಾದ ಬಿದ್ದರೆ ಅವನು ನಂಬಿದ್ದೂ ಬೀಳುತ್ತಿತ್ತು.

ಭಾನುವಾರ ಅತ್ತೆಯ ಊರು ಬೀಡಿಯಲ್ಲಿ ನಾದಿನಿ ನೇತ್ರಾಳ ಕುಬಸ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ ಬಸ್ಸು ಬದಲಿಸಿದೆ. ಬಸುರಿಗೆ ಮುತ್ತೈದೆಯರು ಉಡಿ ತುಂಬುವ ಹೊತ್ತು; ಯಾರೂ ಹೇಳುವ ಮೊದಲೇ ಅಡುಗೆಮನೆ ಸೇರಿದೆ. ಊಟಕ್ಕೆ ತಾಟು ಹಾಕಲು ಹೆಂಗಸರನ್ನು ಎಣಿಸು ಎಂದರು ಅತ್ತೆ ನಿಂಗವ್ವ. ಬಾಗಿಲಲ್ಲಿ ನಿಂತು ಎಣಿಸಿದೆ. ಪಡಸಾಲೆಯ ನಡುವೆ ಹಸಿರು ಸೀರೆಯ ನೇತ್ರಾ, ಅವಳ ಬಾಜು ಫೋಟೋದವನ ದೊಡ್ಡ ಲೈಟು.

ಪಂಕ್ತಿ ಕುಳಿತಾಗ ತಾಟು ಸಾಲಲಿಲ್ಲ. ಬಿಳಿ ಸೀರೆಯ ಮುದುಕಿಯರು ಗೋಡೆಗೆ ಒರಗಿ ನಿಂತಿದ್ದರು. ಅವರ ಮುಂದಿದ್ದವಳು ಅತ್ತೆಯ ಚಿಕ್ಕಮ್ಮ ಬಸವಣ್ಣೆವ್ವ.

"ಆಕಾಶದಾಗಿನ ಚಿಕ್ಕಿ ಎಣಸಾಕಿ ಅಂತ, ನೋಡ್ರವಾ," ಎಂದಳು. "ಮುದುಕ್ಯಾರು ನಿನ್ನ ಎಣಿಕಿಗೆ ಬರಲಿಲ್ಲೇನು?"

ಎಲ್ಲರೂ ನಕ್ಕರು. ಅಂಚಿನಲ್ಲಿ ಕೂತಿದ್ದಿರೇನೋ, ಕಾಣಲಿಲ್ಲ ಎಂದೆ.

"ಅಂಚಿಗ್ಯಾಕ? ಹುಡುಗಿ ಬೆನ್ನಿಗೇ ಕುಂತಿದ್ವಿ. ಲೈಟು ನಿನ್ನ ಕಣ್ಣಿಗಿತ್ತು." ಆಮೇಲೆ ದನಿ ತಗ್ಗಿಸಿದಳು. "ನೀನೂ ಒಳಗ ಕುಂದರಬ್ಯಾಡ. ನಾ ಕುಂತು ನೋಡೀನಿ. ಯಾರೂ ಕರ್ಯಾಕ ಬರಂಗಿಲ್ಲ."

ಇನ್ನಷ್ಟು ತಾಟು ತಂದು ಹಾಕಿದೆ. ಅವರ ಸಾಲಿನಲ್ಲೇ ಉಂಡೆ.

ಮರುದಿನ ಬೆಳಗಾವಿಯ ಸದಾಶಿವನಗರದ ನನ್ನ ಕೋಣೆಯಲ್ಲಿ, ಮೇಡಂ ಕೇಳಿದ್ದನ್ನು ಪರೀಕ್ಷಿಸಲು ಕೂತೆ. ದೂರದರ್ಶಕದ ಚಿತ್ರದೊಳಗೆ ನಾನೇ ಮಸುಕಾದ ಸುಳ್ಳು ನಕ್ಷತ್ರಗಳನ್ನು ಬೆರೆಸಿದೆ. ಹುಡುಕು ಎಂದು ಕಂಪ್ಯೂಟರಿಗೆ ಹೇಳಿದೆ. ಅಂಚಿನಲ್ಲಿ ಇಟ್ಟವು ಹೆಚ್ಚುಕಡಿಮೆ ಎಲ್ಲ ಸಿಕ್ಕವು. ನಡುವೆ ಇಟ್ಟವು ಸಿಗಲಿಲ್ಲ. ಅವನ್ನು ಅಲ್ಲಿ ನಾನೇ ಇಟ್ಟಿದ್ದೆ.

ಸಂಜೆ ಮೇಡಂಗೆ ಫೋನ್ ಮಾಡಿದೆ.

"ವಾದ ನಿಲ್ಲಂಗಿಲ್ರೀ ಮೇಡಂ. ಸಣ್ಣವು ನಡುವ ಇಲ್ಲ ಅನ್ನಾಕ ಬರಂಗಿಲ್ಲ."

ಹೊಸ ಚಿತ್ರಗಳು ಬೇಕು, ಇನ್ನೊಂದು ವರ್ಷ ಹಿಡಿಯುತ್ತದೆ ಎಂದರು. ಹಿಡಿಯಲಿ ಎಂದೆ. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅನಿಕೇತ ಹೋದ ಮೇಲೆ ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.