ನಲವತ್ತಾರು ಮಿಲಿಮೀಟರ್

ಉಕ್ಕು ಅಂಗೈಗೆ ತಣ್ಣಗೆ ತಾಗುತ್ತದೆ, ಈ ಜನವರಿಯ ಚಳಿಯಲ್ಲಿ ಮಧ್ಯಾಹ್ನವಾದರೂ ಕೊಬ್ಬು ಅಳೆಯುವ ಈ ಇಕ್ಕಳ ಬಿಸಿಯಾಗುವುದಿಲ್ಲ, ಸ್ಪಿರಿಟ್ಟಿನ ವಾಸನೆ, ಗಣಿ ಆಸ್ಪತ್ರೆಯ ಪರದೆಯ ಆಚೆ ವರ್ಷದ ತಪಾಸಣೆಗೆ ಸಾಲಿನಲ್ಲಿ ನಿಂತವರ ಕೆಮ್ಮು, ಯಾರೋ ತಮಿಳಿನಲ್ಲಿ ಏನೋ ಹೇಳಿ ನಗುತ್ತಿದ್ದಾರೆ, ಪರದೆಯ ಈಚೆ ಇವರು — ಶ್ರೀರಾಮಪ್ಪ, ಹದಿನಾರು ವರ್ಷ ನಾನು ಬಡಿಸಿದ್ದನ್ನು ಉಂಡ ನನ್ನ ಗಂಡ — ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ ನಿಂತಿದ್ದಾರೆ, ಸಣ್ಣ ಕಾಲು, ಸಣ್ಣ ತೋಳು, ನಡುವೆ ಮಾತ್ರ ಆ ಹೊಟ್ಟೆ, ಬೇರೆ ಯಾರದ್ದೋ ತಂದು ಕಟ್ಟಿದ ಹಾಗೆ. ಅವರು ನನ್ನನ್ನು ನೋಡುತ್ತಿದ್ದಾರೆ. ನೋಡಬೇಡಿ ಹಾಗೆ. ಈ ಸಲ ಡಾಕ್ಟರ್ ವೆಂಕಟರತ್ನಮ್ಮ ಕಿಟಕಿಯ ಹತ್ತಿರ ಮೇಜಿನಲ್ಲಿ ಕೂತಿಲ್ಲ, ನನ್ನ ಭುಜದ ಹಿಂದೆಯೇ ನಿಂತಿದ್ದಾರೆ, ಮುಂದೆ ಇವರು, ಹಿಂದೆ ಅವರು, ಪಕ್ಕದಲ್ಲಿ ಗೋಡೆ. ಹೋದ ವರ್ಷ ಈ ಇಕ್ಕಳ ತಂದು ನನಗೆ ಕಲಿಸಿಕೊಟ್ಟವರೂ ಅವರೇ, ಹೊಕ್ಕುಳ ಪಕ್ಕದಲ್ಲಿ ಎರಡು ಬೆರಳಿಂದ ಚರ್ಮ ಎತ್ತು, ಕೆಳಗಿನ ಮಾಂಸ ಬರಬಾರದು, ಕೊಬ್ಬು ಮಾತ್ರ, ಇಕ್ಕಳ ಹಾಕು, ಮನಸ್ಸಿನಲ್ಲಿ ಎರಡು ಎಣಿಸು, ಮುಳ್ಳು ಓದು. ತೂಕದ ಯಂತ್ರ ನಂಬಬೇಡ ಅನಸೂಯಾ, ನಮ್ಮ ಜನ ನೋಡೋಕೆ ಸಣ್ಣಗಿರ್ತಾರೆ, ಕೊಬ್ಬೆಲ್ಲ ಹೊಟ್ಟೇಲಿ ಅಡಗಿ ಕೂತಿರುತ್ತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು ಎಲ್ಲ ಅಲ್ಲಿಂದಲೇ. ಮೂವತ್ತು ಮಿಲಿಮೀಟರ್ ದಾಟಿದವರು ಪಕ್ಕದ ಕೋಣೆಗೆ, ಅಲ್ಲಿ ರಕ್ತ, ಮೂತ್ರ, ಬಿಪಿ, ಅದರಲ್ಲಿ ಸೋತವರಿಗೆ ಇಂಜಿನ್ ಕೆಲಸವಿಲ್ಲ, ದಾಟದವರು ಮನೆಗೆ. ಹೋದ ವರ್ಷ ಇವರ ಹೊಟ್ಟೆಯ ಮೇಲೆ ಮುಳ್ಳು ನಲವತ್ತೆರಡರಲ್ಲಿ ನಿಂತಿತ್ತು, ನಾನು ಇಪ್ಪತ್ತನಾಲ್ಕು ಎಂದು ಕೂಗಿದ್ದೆ, ಎರಡೇ ಅಂಕಿ, ಹಿಂದುಮುಂದು ಮಾಡಿದೆ ಅಷ್ಟೆ, ಇವರು ಅಂಗಿ ತೊಟ್ಟುಕೊಂಡು ಶಿಳ್ಳೆ ಹಾಕುತ್ತಾ ಹೋದರು.

ಯಾಕೆ ಕೂಗಿದೆ — ಆ ಬೆಳಿಗ್ಗೆ ರೈಲು ಬಂಗಾರಪೇಟೆ ಬಿಟ್ಟ ಮೇಲೆ ಇವರು ನನ್ನ ಕೈ ಹಿಡಿದುಕೊಂಡಿದ್ದರು, ನಾಲ್ಕು ಜನರ ಎದುರಿಗೆ, ಯಾವತ್ತೂ ಹಿಡಿದವರಲ್ಲ. ಲೇ ಅನಸೂಯಾ, ಇಂಜಿನ್ ಮನೆಯಿಂದ ನನ್ನ ಎಬ್ಬಿಸಿ ಆಫೀಸಿನ ಬಾಗ್ಲಾಗೆ ಕೂರಿಸಿದ್ರೆ ನಾನು ಬದುಕ್ತೀನಾ, ಸತ್ತೋಯ್ತೀನಿ ಕಣೇ, ನಿನ್ ಕೈಯಾಗೈತೆ. ನಿಜ, ಆ ಇಂಜಿನ್ ಮನೆ ಬಿಟ್ಟರೆ ಇವರಿಗೆ ಬೇರೆ ದೇವರ ಮನೆಯಿಲ್ಲ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದರು, ಆಳೆತ್ತರದ ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಯಲ್ಲಿ ಜನ ತುಂಬಿದ ಪಂಜರ, ಕೇಜು ಅನ್ನುತ್ತಾರೆ, ಕೆಳಗೆ ಮೈಲಿಗಟ್ಟಲೆ ಕತ್ತಲೆ, ಎಲ್ಲ ಇವರ ಒಂದು ಸನ್ನೆಗೋಲಿನ ಮೇಲೆ. ಮಲಗಿರೋ ಮಗೀನ ಇಳಿಸ್ದಂಗೆ ಇಳಿಸ್ತೀನಿ ನೋಡು ಅಂದಿದ್ದರು. ಅದೇ ಪಂಜರದಲ್ಲಿ ನನ್ನ ತಮ್ಮ ಆಂಜಿನಪ್ಪನೂ ಇಳಿಯುತ್ತಾನೆ. ಒಂದು ವರ್ಷ ನಾನು ಅದನ್ನು ಯೋಚಿಸಲೇ ಇಲ್ಲ — ಸುಳ್ಳು, ಯೋಚಿಸಿದೆ, ಅನ್ನ ಕಡಿಮೆ ಬಡಿಸಿದೆ, ತುಪ್ಪ ಬಚ್ಚಿಟ್ಟೆ, ಅತ್ತೆ ಅಮ್ಮಾಜಮ್ಮ ತಟ್ಟೆಗೆ ಮತ್ತೆ ಸುರಿದರು, ದುಡ್ಯೋ ಗಂಡಸಿನ ಒಟ್ಟೆ ನೋಡಿ ಕಣ್ಣಾಕ್ತೀಯೇನೇ ಅಂದರು, ತಟ್ಟೆ ಇವರ ಮುಂದೆ ತಳ್ಳಿದೆ. ಮೊನ್ನೆ ಇವರು ಎಡಗೈ ಕೊಡವಿಕೊಳ್ಳುತ್ತಾ ಕೂತಿದ್ದರು, ಜೋಮು ಕಣೇ, ಚಳಿಗೆ, ಅಂದರು, ಕಂಬಳಿ ತಂದು ಹೊದೆಸಿದೆ. ನೆನ್ನೆ ಪಾಳಿ ಮುಗಿಸಿ ರಾತ್ರಿ ಮನೆಗೆ ಬಂದ ಆಂಜಿನಪ್ಪ ಕಾಫಿ ಕುಡಿಯುತ್ತಾ ನಗಾಡಿದ, ಅಕ್ಕಾ, ಇವತ್ತು ಕೇಜು ನಡುದಾರೀಲಿ ಜಗ್ ಅಂತ ನಿಂತೋಯ್ತು, ಉಯ್ಯಾಲೆ ಆಡ್ದಂಗೆ ಆಡ್ತು, ಒಬ್ರಿಗೂ ಉಸಿರಿಲ್ಲ, ಭಾವಂಗೆ ತೂಕಡಿಕೆ ಬಂದಿತ್ತೇನೋ ಕಣಕ್ಕಾ. ಇವರು ನಗಲಿಲ್ಲ, ಲೋಟ ಕೆಳಗಿಟ್ಟರು, ಎಡಗೈ ಪಂಚೆಯೊಳಗೆ ಸೇರಿಸಿಕೊಂಡರು. ಇವತ್ತೂ ಎರಡು ಗಂಟೆಗೆ ಅದೇ ಪಾಳಿ, ಅದೇ ಪಂಜರ. ಈಗ ಹನ್ನೆರಡೂವರೆ.

ಶುರು ಮಾಡು ಅನಸೂಯಾ, ಸಾಲು ಉದ್ದ ಇದೆ, ಅನ್ನುತ್ತಾರೆ ಡಾಕ್ಟರ್. ಚರ್ಮ ಎತ್ತುತ್ತೇನೆ, ಬೆಚ್ಚಗಿದೆ, ಮೆತ್ತಗಿದೆ, ಬೆರಳ ತುಂಬ ಬರುತ್ತದೆ, ಇವರು ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ, ಪಾಪ, ಕೊಬ್ಬು ಎಳೆದರೆ ಹೋಗುತ್ತದೆಯೇ. ಇಕ್ಕಳ ಕಚ್ಚುತ್ತದೆ. ಒಂದು, ಎರಡು. ನಲವತ್ತಾರು. ಇವರ ಕಣ್ಣು ನನ್ನ ತುಟಿಯ ಮೇಲೆ. ಅರವತ್ತನಾಲ್ಕು ಅನ್ನಲಾಗುವುದಿಲ್ಲ, ಈ ಸಲ ಅಂಕಿಯೂ ನನ್ನ ಕಡೆ ಇಲ್ಲ. ಎಷ್ಟು, ಡಾಕ್ಟರ್ ಕೇಳುತ್ತಾರೆ, ಅವರಿಗೂ ಕಾಣುತ್ತಿದೆ, ಆದರೂ ಕೇಳುತ್ತಾರೆ, ನನ್ನ ಬಾಯಿಂದಲೇ ಬರಲಿ ಎಂದೇ. ನಲವತ್ತಾರು ಅಂದೆ, ನನ್ನ ದನಿಯೇ ಅಲ್ಲ ಅದು. ಕಾರ್ಡು ಮಗುಚುವ ಸದ್ದು. ಹೋದ ವರ್ಷ ಇಪ್ಪತ್ತನಾಲ್ಕು ಅಂತಿದೆ, ಒಂದೇ ವರ್ಷದಲ್ಲಿ ಇಷ್ಟಾ, ಅಳೆದವರು ಯಾರು. ನಾನೇ, ಡಾಕ್ಟರೇ, ನಲವತ್ತೆರಡು ಇತ್ತು, ನಾನೇ ತಿರುಗಿಸಿದೆ. ಪರದೆಯ ಆಚೆ ನಗು ನಿಂತ ಹಾಗಾಯಿತು, ನಿಂತಿತೋ ನನ್ನ ಕಿವಿಯೇ ಮುಚ್ಚಿತೋ. ಡಾಕ್ಟರ್ ನನ್ನನ್ನು ಬೈಯಲಿಲ್ಲ, ಇವರ ತೋಳಿಗೆ ಪಟ್ಟಿ ಕಟ್ಟಿ ತಾವೇ ಬಿಪಿ ನೋಡಿದರು, ಪಾದರಸ ನೂರತೊಂಬತ್ತರ ಹತ್ತಿರ ಮಿಡಿಯುತ್ತಿತ್ತು. ಎದೆನೋವು, ಕೈ ಜೋಮು ಏನಾದರೂ ಇದೆಯಾ ಶ್ರೀರಾಮಪ್ಪನವರೇ. ಏನೂ ಇಲ್ಲಮ್ಮ, ಕಲ್ಲಂಗಿದ್ದೀನಿ ನಾನು, ಬಂಡೆ ಇದ್ದಂಗೆ, ಅಂದರು ಇವರು, ಅನ್ನುತ್ತಾ ನನ್ನ ಕಡೆ ನೋಡಿದರು, ಆ ರೈಲಿನಲ್ಲಿ ಕೈ ಹಿಡಿದಾಗ ನೋಡಿದ ಹಾಗೆ. ಹೌದು ಅಂದರೆ ಇವರು ಮನೆಯಲ್ಲಿ ಸಾಯುತ್ತಾರೆ, ಇಲ್ಲ ಅಂದರೆ ಅಲ್ಲಿ, ಹಗ್ಗದ ಮೇಲೆ, ಆಂಜಿನಪ್ಪನನ್ನೂ ಎಳೆದುಕೊಂಡು. ಇದೆ ಡಾಕ್ಟರೇ, ಎಡಗೈ, ಮೊನ್ನೆಯಿಂದ, ನೆನ್ನೆ ಕೇಜು ನಿಂತಿದ್ದೂ ಅದಕ್ಕೇ.

ಅಲ್ಲಿಗೆ ಮುಗಿಯಿತು. ಡಾಕ್ಟರ್ ಬರೆಯುತ್ತಿದ್ದಾರೆ, ಇವತ್ತಿಂದ ಇಂಜಿನ್ ಮುಟ್ಟುವ ಹಾಗಿಲ್ಲ, ಈಗಲೇ ವಾರ್ಡಿಗೆ, ಎದೆಯ ಪರೀಕ್ಷೆ ಆಗಲಿ, ನಿಮ್ಮ ಹೆಂಡತಿ ನಿಮ್ಮ ಜೀವ ಉಳಿಸಿದ್ದಾಳೆ ಕಣ್ರೀ, ಮತ್ತೆ ನನಗೆ ಮೆಲ್ಲಗೆ, ನಿನ್ನ ಜೊತೆ ಆಮೇಲೆ ಮಾತಾಡಬೇಕು. ಆಡಲಿ. ಕೆಲಸ ಹೋದರೆ ಹೋಗಲಿ. ಇವರು ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ, ಗೋಡೆ ನೋಡುತ್ತಾ ಕೇಳಿದರು, ನರ್ಸಮ್ಮಾ, ಅಳ್ದಿದ್ದಾಯ್ತಲ್ಲ, ಅಂಗಿ ಆಕ್ಕೋಬೋದಾ. ನರ್ಸಮ್ಮಾ. ಹದಿನಾರು ವರ್ಷದಲ್ಲಿ ಮೊದಲ ಸಲ. ತಲೆ ಆಡಿಸಿದೆ, ಅವರು ಅಂಗಿಗೆ ಕೈ ಎತ್ತಿದಾಗ ಕಂಡಿತು, ಹೊಕ್ಕುಳ ಪಕ್ಕದಲ್ಲಿ ಇಕ್ಕಳ ಕಚ್ಚಿದ ಎರಡು ಕೆಂಪು ಗುರುತು, ಒಂದರ ಎದುರಿಗೊಂದು. ಎಲ್ಲರಿಗೂ ಆಗುತ್ತದೆ, ಗಳಿಗೆಯಲ್ಲಿ ಮಾಸುತ್ತದೆ, ಇವರದು ಮಾಸುವ ಮೊದಲೇ ಅಂಗಿ ಮುಚ್ಚಿತು.

ಎರಡು ಗಂಟೆಯ ಸೈರನ್ ಕೂಗಿತು. ಸನ್ನೆಗೋಲಿನ ಮುಂದೆ ಈಗ ಇವರ ಬದಲಿಗೆ ಇನ್ನೊಬ್ಬ ಇಂಜಿನ್‌ನವನು ಕುಪ್ಪುಸ್ವಾಮಿ ಕೂತಿರುತ್ತಾನೆ, ಕಿಟಕಿಯಿಂದ ನೋಡಿದೆ, ಗಣಿ ಬಾಯಿಯ ಗೋಪುರದ ಮೇಲೆ ಹಗ್ಗದ ಚಕ್ರ ತಿರುಗುತ್ತಿತ್ತು, ಒಂದೇ ಸಮನೆ, ಎಲ್ಲೂ ತಡವರಿಸದೆ, ಆಂಜಿನಪ್ಪ ಇಳಿದ, ಚಕ್ರ ನಿಂತಿತು, ತಳ ಮುಟ್ಟಿದ. ಒಳಗೆ ವಾರ್ಡಿನಲ್ಲಿ ಇವರು ಗೋಡೆ ಕಡೆ ತಿರುಗಿ ಮಲಗಿದ್ದಾರಂತೆ, ಆ ಸೈರನ್ ಅವರಿಗೂ ಕೇಳಿರುತ್ತದೆ. ನನ್ನ ಹೆಸರು ಹೇಳಿದರೆ ಕಣ್ಣು ಮುಚ್ಚುತ್ತಾರಂತೆ. ಸಾಲು ಇನ್ನೂ ಮುಗಿದಿಲ್ಲ. ಮುಂದಿನವರು ಬನ್ನಿ, ಯಾರೋ ಸಣ್ಣ ವಯಸ್ಸಿನವನು, ಬನಿಯನ್ ಎತ್ತಿ ನಿಂತ, ಚಪ್ಪಟೆ ಹೊಟ್ಟೆ, ನುಣುಪು ಚರ್ಮ, ಇನ್ನೂ ಯಾರೂ ಮುಟ್ಟಿಲ್ಲ, ಬೇಗ ಮಾಡಕ್ಕಾ ಚಳಿಯಾಯ್ತದೆ ಅಂದ, ಚರ್ಮ ಎತ್ತಿದೆ, ಇಕ್ಕಳ ತೆರೆದೆ, ಮುಚ್ಚಲಾರೆ — ಅಲ್ಲಿ ಆಗಲೇ ಇವೆ, ಇವರ ಹೊಟ್ಟೆಯ ಮೇಲಿದ್ದ ಆ ಗುರುತುಗಳೇ, ನಾನಿನ್ನೂ ಒತ್ತಿಲ್ಲ, ಆದರೂ ಇವೆ, ಹೊಕ್ಕುಳ ಪಕ್ಕದಲ್ಲಿ, ಕೆಂಪಗೆ, ಎರಡು, ಒಂದರ ಎದುರಿಗೊಂದು, ಎರಡು ಕೆಂಪು, ಎರಡು